ಇಂಜಿನ್ ಬಂದ್ ಬಿದ್ರ ಮೊದಲ ನೀರಿನ ಕಡೆ ನೋಡ್ರಿ

ಇದು ಧಾರವಾಡದಾಗ ಒಂದ ಸಂಜೀಕ ನಾ ಮಾತಾಡಿದ್ದು. ಕೇಳಾಕ ಬಂದವ್ರು ಬರದ ಹಾಕ್ರಿ ಅಂದ್ರು, ರೆಕಾರ್ಡಿಂಗ್ ಹಚ್ಕೊಂಡ ಕುಂತ ಬರದೇನಿ. ಮಾತಾಡಿದ್ದನ್ನ ಮಾತಾಡಿದಂಗ ಬಿಟ್ಟೇನಿ, ಅದಕ್ಕ ಅಲ್ಲಲ್ಲೆ ದಾರಿ ಬಿಟ್ಟ ಹೋಗೇನಿ, ಏನೂ ಅನ್ಕೋಬ್ಯಾಡ್ರಿ.

ಎಲ್ಲಾರಿಗೂ ನಮಸ್ಕಾರ್ರೀ. ಹಾಯಿದೋಣಿ ಇಂಜಿನ್ ಬಗ್ಗೆ ಮಾತಾಡಾಕ ಹೊಂಟೇನಿ ಅಂದ್ರ ನಮ್ಮವ್ವ ಕೇಳಿದ್ಲು, ಯಾರ ಬರ್ತಾರೋ ಕೇಳಾಕ, ಧಾರವಾಡದಾಗ ಇರೂದು ಸಾಧನಕೇರಿ, ಹುಬ್ಬಳ್ಳ್ಯಾಗ ಇರೂದು ಉಣಕಲ್ ಕೆರಿ, ಅದಕ್ಕ ಯಾತರ ಇಂಜಿನ್ ಅಂತ. ಖರೇನ ಐತಿ. ಸಮುದ್ರ ನೋಡ್ಬೇಕಂದ್ರ ನಾವು ಅರಬೈಲ್ ಘಾಟ್ ಇಳದ ಹೋಗ್ಬೇಕು. ಆದ್ರ ಇಲ್ಲೆ ಕುಂತವ್ರ ಮನ್ಯಾಗ ಅರ್ಧಕ್ಕರ್ಧ ಮಂದೀಗೆ ಒಂದ ಟ್ರ್ಯಾಕ್ಟರ್ ಇರ್ತೈತಿ, ಇಲ್ಲಂದ್ರ ಒಂದ ಕಾಲಕ್ಕ ಡೀಸೆಲ್ ಪಂಪ್‌ಸೆಟ್ ಇತ್ತು. ಹಂಗಿದ್ರ ದೋಣಿ ಇಂಜಿನ್ ಬಗ್ಗೆ ನಿಮಗ ಮುಕ್ಕಾಲ್ ಪಾಲ ಆಗ್ಲೇ ಗೊತ್ತೈತಿ. ಉಳದ ಕಾಲ್ ಪಾಲ ಹೇಳಾಕ ಬಂದೇನಿ, ಯಾಕಂದ್ರ ಆ ಕಾಲ್ ಪಾಲದಾಗ ಮಂದಿ ಮುಳಗ್ತಾರ.

ನಮ್ಮೂರು ಹಾವೇರಿ ಜಿಲ್ಲಾ, ವರದಾ ಹೊಳಿ ದಂಡಿಗೆ. ನಮ್ಮ ಸೋದರಮಾವಂದು 5 ಹಾರ್ಸ್‌ಪವರ್ ಡೀಸೆಲ್ ಇಂಜಿನ್ ಇತ್ತು, ಹೊಳಿಯಿಂದ ನೀರ ಎತ್ತೂದಕ್ಕ. ಹ್ಯಾಂಡಲ್ ಹಾಕಿ ತಿರುವೂದು. ಮ್ಯಾಲೆ ಒಂದ ಲಿವರ್ ಇರ್ತಿತ್ತು, ಡಿಕಂಪ್ರೆಶನ್ ಲಿವರ್, ಅದನ್ನ ಎತ್ತಿ ಹಿಡದ್ರ ಇಂಜಿನ್ ಹಗರಾಗಿ ತಿರಗ್ತೈತಿ, ಜೋರ ಹಿಡದ ಮ್ಯಾಲೆ ಬಿಟ್ರ ಡಬ್ ಅಂತ ಹತ್ತತೈತಿ. ಆ ಲಿವರ್ ಹಿಡಿಯೂದು ನನ್ನ ಕೆಲಸ, ಆಗ ನಾ ಮೂರನೇತ್ತೋ ನಾಕನೇತ್ತೋ. ಮಾವ ಹೇಳತಿದ್ದ, ಡೀಸೆಲ್ ಇಂಜಿನ್ನಿಗೆ ಪ್ಲಗ್ ಇಲ್ಲ, ಕಿಡಿ ಇಲ್ಲ, ನಖರಾ ಇಲ್ಲ, ಸ್ವಚ್ಛ ಎಣ್ಣಿ ಕೊಡು, ಗಾಳಿ ಕೊಡು, ತಂಪ ಇಡು, ಸಾಯೂತನಕಾ ದುಡೀತೈತಿ. ಎಣ್ಣಿ ಪೈಪಿನ್ಯಾಗ ಗಾಳಿ ಹೊಕ್ಕರ ಮಾತ್ರ ಮುಗೀತು, ಏರ್ ಹಿಡೀತು ಅಂತಿದ್ದ, ಪಾನಾ ತಗೊಂಡ ನಟ್ ಸಡ್ಲ ಮಾಡಿ ಬುಳು ಬುಳು ಗುಳ್ಳಿ ಹೋಗೂತನಕಾ ಕಾಯಬೇಕು. ಮುಂದ ನಾ ಗೋವಾದಾಗ ಕೆಲಸಕ್ಕ ಹೋದ ಮ್ಯಾಲೆ ಹಾಯಿದೋಣಿ ಹುಚ್ಚ ಹತ್ತಿತು, ಮೊದಲ್ನೇ ಸಲ ದೋಣಿ ಮೆಟ್ಟಲಾ ತಗದ ಕೆಳಗ ಇಂಜಿನ್ ನೋಡಿದಾಗ ಅನ್ನಿಸಿದ್ದು ಇದ, ಅಲ್ಲಲೇ ಇದು ನಮ್ಮ ಮಾವನ ಪಂಪ್‌ಸೆಟ್ಟು, ಬಣ್ಣ ಹಚ್ಚ್ಯಾರ ಅಷ್ಟ.

ಈಗ ನೀವು ಕೇಳಬೌದು, ಹಾಯಿದೋಣಿಗೆ ಇಂಜಿನ್ ಯಾಕ. ಖರೇ ನೋಡಿದ್ರ ಬ್ಯಾಡ. ಜೋಶುವಾ ಸ್ಲೋಕಮ್ ಅಂತ ಒಬ್ಬ ಕ್ಯಾಪ್ಟನ್ 1895ರಿಂದ 1898ರ ತನಕಾ ಒಬ್ಬನ ಜಗತ್ತ ಸುತ್ತಿ ಬಂದ, ದೋಣ್ಯಾಗ ಇಂಜಿನ್ನ ಇರಲಿಲ್ಲ. ನಮ್ಮ ಮುಂಬೈದಾಗ ಸಾಗವಾನಿ ಕಟಗೀಲೆ ಕಟ್ಟಿದ ಸುಹೈಲಿ ಅಂತ 32 ಫೂಟಿನ ದೋಣಿ, ಅದರಾಗ ರಾಬಿನ್ ನಾಕ್ಸ್-ಜಾನ್ಸ್ಟನ್ 312 ದಿನ ಎಲ್ಲೂ ನಿಲ್ಲಲಾರದ ಒಬ್ಬನ ಸುತ್ತಿ 1969ದಾಗ ದಂಡಿಗೆ ಬಂದ. ಮೊನ್ನೆ ಮೊನ್ನೆ 2024ರ ಅಕ್ಟೋಬರದಾಗ ನಮ್ಮ ನೌಕಾಪಡೆಯ ಇಬ್ರು ಹೆಣ್ಮಕ್ಕಳು, ದಿಲ್ನಾ ಮತ್ತ ರೂಪಾ, ಗೋವಾದಾಗ ಕಟ್ಟಿದ ತಾರಿಣಿ ದೋಣಿ ತಗೊಂಡ ಗೋವಾದಿಂದನ ಹೊಂಟ 2025ರ ಮೇ ತಿಂಗಳಾಗ ತಿರಿಗಿ ಬಂದ್ರು. ಇವ್ರೆಲ್ಲಾ ಗಾಳಿಗೆ ಹೋದವ್ರು. ಆದ್ರ ನಮ್ಮಂತ ಎರಡ ದಿನ ರಜಾ ಹಾಕಿ ಹೋಗೂ ಮಂದೀಗೆ ಬಂದರದಾಗ ಹೊಗೂದಕ್ಕ, ಹೊಳಿ ಬಾಯಾಗ ಸೆಳವಿನ ಎದುರು ಹೋಗೂದಕ್ಕ, ಗಾಳಿ ಸತ್ತಾಗ ಮನಿ ಮುಟ್ಟೂದಕ್ಕ ಇಂಜಿನ್ ಬೇಕ ಬೇಕು. ಮತ್ತ ಅದು ಕೈ ಕೊಡೂದು ಅಂತ ಜಾಗಾದಾಗನ. ಎಣ್ಣಿಗೆ ಕುಲಕಾಟ ಆಗೂದು ತೆರಿ ಜೋರ ಇದ್ದಾಗ, ಪ್ಲಾಸ್ಟಿಕ್ ಕಸ ಇರೂದು ಬಂದರದ ಹತ್ರ, ಬಲಿ ಹಗ್ಗ ಇರೂದು ದಂಡಿ ಹತ್ರ. ದೋಣಿ ನಸೀಬ ಖೊಟ್ಟಿ ಅಂತಲ್ಲ, ಕಾರಣ ಐತಿ.

ಒಂದ ಸಲದ ಕಥಿ ಹೇಳತೀನಿ. ನವೆಂಬರ್ ತಿಂಗಳ, ಪಣಜಿಯಿಂದ ಕಾರವಾರಕ್ಕ ಹೊಂಟಿದ್ವಿ, ಸಮುದ್ರದಾಗ ಸುಮಾರ 45 ನಾಟಿಕಲ್ ಮೈಲು, ಒಂದ ನಾಟಿಕಲ್ ಮೈಲಂದ್ರ 1.852 ಕಿಲೋಮೀಟರ್ರು. 36 ಫೂಟಿನ ದೋಣಿ. ಮಾಲಕರು ರಿಟೈರ್ ಆದ ಡಾಕ್ಟರ್ರು, ಜೋಡಿ ನಾನು, ಮತ್ತ ಹುಬ್ಬಳ್ಳ್ಯಾಗ ಡಿಪ್ಲೊಮಾ ಮುಗಿಸಿದ ಒಬ್ಬ ಹುಡುಗ, ಅವಂಗ ಅದ ಮೊದಲ್ನೇ ಸಲ. ರಾತ್ರಿ ಹೊಂಟಿದ್ವಿ. ಮುಂಜಾನೆ ಏಳಕ್ಕ ಹತ್ತ ನಿಮಿಷ ಇತ್ತು, ಕಾಬೊ ದ ರಾಮ ಅಂತ ದಕ್ಷಿಣ ಗೋವಾದಾಗ ಒಂದ ಗುಡ್ಡ ಸಮುದ್ರದಾಗ ಮೂಗ ಚಾಚಿ ನಿಂತೈತಿ, ಅದರಿಂದ ಎರಡ ಮೈಲು ಸಮುದ್ರದ ಒಳಗ ಇದ್ವಿ, ಹಾಯಿ ಇಳಿಸಿ ಇಂಜಿನ್ ಮ್ಯಾಲೆ ಹೊಂಟಿದ್ವಿ. ಹುಡುಗ ಚಾ ಸೋಸಾಕತ್ತಿದ್ದ. ಇಂಜಿನ್ ಸಪ್ಪಳ ಒಮ್ಮೆ ಏರಿತು, ಒಮ್ಮೆ ಇಳೀತು, ಮತ್ತ ಏರಿತು, ಉಬ್ಬಸದ ಮಂದಿ ಉಸಿರ ತಗೊಂಡಂಗ, ಆಮ್ಯಾಲೆ ಒಂದ ಸಲ ಕೆಮ್ಮಿ ಬಂದ್.

ಇಂಜಿನ್ ಬಂದ್ ಆದಾಗ ಎಲ್ಲಾರೂ ಮಾಡೂ ತಪ್ಪು ಏನಂದ್ರ ಇಂಜಿನ್ ಕಡೆ ಓಡೂದು. ನಾನೂ ಓಡಿದೆ. ಮೆಟ್ಟಲಾ ಕಿತ್ತಿ ಟಾರ್ಚ್ ಹಿಡದ ಬಗ್ಗಿದ್ದೆ. ಮ್ಯಾಲಿಂದ ಡಾಕ್ಟರ್ ಸಾಹೇಬ್ರು, ಭಾಳ ಶಾಂತ ಮನಷ್ಯಾ ಅವ್ರು, ಹೇಳಿದ್ರು, ಏ ತಮ್ಮಾ, ಅದು ಎಲ್ಲೂ ಓಡಿ ಹೋಗಂಗಿಲ್ಲ, ಮ್ಯಾಲೆ ಬಾ, ಮೊದಲ ನೀರ ನೋಡು. ಇಷ್ಟ ನೋಡ್ರಿ ನಾ ಹೇಳಾಕ ಬಂದಿದ್ದು. ಹೊಲದಾಗ ಟ್ರ್ಯಾಕ್ಟರ್ ಬಂದ್ ಬಿದ್ರ ಹೊಲ ಅಲ್ಲೇ ಇರ್ತೈತಿ. ಬೀಡಿ ಹಚ್ಚಿ, ಬೇವಿನ ಗಿಡದ ಬುಡಕ ಕುಂತ, ಮಿಸ್ತ್ರೀಗೆ ಫೋನ್ ಹಚ್ಚಬೌದು. ಸಮುದ್ರದಾಗ ದೋಣಿ ನಿಂತಂಗ ಅನಸ್ತೈತಿ ಖರೆ, ಆದ್ರ ಅದು ನಿಂತಿರಂಗಿಲ್ಲ, ಸೆಳವು ಒಯ್ಯಾಕ ಹತ್ತಿರ್ತೈತಿ, ಕಲ್ಲಿನ ಕಡೆ ಒಯ್ತೈತೋ ಬಯಲಿನ ಕಡೆ ಒಯ್ತೈತೋ ಅನ್ನೂದು ಮೊದಲ ನೋಡಬೇಕು. ಇಂಜಿನ್ ರಿಪೇರಿಗೆ ಎರಡ ತಾಸ ಬೇಕಂದ್ರ ಆ ಎರಡ ತಾಸ ಎಲ್ಲಿಂದ ತರ್ತಿ ಅನ್ನೂದು ಮೊದಲ್ನೇ ರಿಪೇರಿ.

ಮ್ಯಾಲೆ ಬಂದ ನೋಡಿದ್ವಿ. ಆಳ 16 ಮೀಟರ್. ಅಂದ್ರ ಲಂಗರ ಹಾಕಬೌದು, ಆದ್ರ ಆಳದ ಐದ ಪಟ್ಟ ಸರಪಳಿ ಬಿಡಬೇಕಂತ ಲೆಕ್ಕ, ಅಷ್ಟ ಇದ್ದಿದ್ದು ಸರಪಳಿ, ಹಗ್ಗ ಎಲ್ಲಾ ಕೂಡ್ಸಿ. ಅದನ್ನ ತಯಾರ ಮಾಡಿ ಇಟ್ವಿ, ಹಾಕಲಿಲ್ಲ. ಗಾಳಿ? ಪಶ್ಚಿಮ ಕರಾವಳ್ಯಾಗ ಚಳಿಗಾಲದಾಗ ಮುಂಜಾನೆ ನೆಲದ ಕಡೆಯಿಂದ ಸಣ್ಣ ಗಾಳಿ ಇರ್ತೈತಿ, ಹತ್ತ ಹೊಡಿಯೂದ್ರಾಗ ಸಾಯತೈತಿ, ಮಧ್ಯಾಹ್ನ ಆದಮ್ಯಾಲೆ ವಾಯವ್ಯದಿಂದ ಕಡಲಗಾಳಿ ಹತ್ತತೈತಿ. ಆವತ್ತ ಮಾರಿಗೆ ತಂಪ ಹತ್ತೂವಷ್ಟ ಮೂಡಗಾಳಿ ಇತ್ತು, ಇಂಜಿನ್ ಸಪ್ಪಳದಾಗ ನಮಗ ಗೊತ್ತಾಗಿರಲಿಲ್ಲ, ಅಷ್ಟ. ಮುಂದಿನ ಹಾಯಿ ಬಿಚ್ಚಿದ್ವಿ, ದೊಡ್ಡ ಹಾಯಿ ಏರಿಸಿದ್ವಿ, ದೋಣಿ ಒಂದೂವರಿ ನಾಟ್ ವೇಗದಾಗ ಬಯಲ ಕಡೆ ಸರಿಯಾಕ ಹತ್ತಿತು. ನಡಕೊಂಡ ಹೋಗೂ ಮನಷ್ಯಾ ನಮ್ಮನ್ನ ಹಿಂದ ಹಾಕ್ತಿದ್ದ. ಆದ್ರ ಗುಡ್ಡ ದೂರ ಆಗಾಕ ಹತ್ತಿತು, ಕಲ್ಲಿಂದ ದೂರ ಹೋದ ಹೊತ್ತೆಲ್ಲಾ ನಮ್ಮ ಖಾತೆದಾಗ ಜಮಾ. ಸಮುದ್ರದಾಗ ಸಹಾಯಕ್ಕ ಕರಿಯೂ ರೇಡಿಯೋ ಚಾನೆಲ್ 16 ಹಚ್ಚಿ ಇಟ್ವಿ. ಇನ್ನೂ ಯಾರನ್ನೂ ಕರೀಲಿಲ್ಲ. ಜೀವಕ್ಕ ಬಂದಾಗ ಮೇಡೇ, ಜೀವಕ್ಕೇನೂ ಇಲ್ಲ ಆದ್ರ ಅಡಚಣಿ ಐತಿ ಅಂದ್ರ ಪಾನ್-ಪಾನ್, ಎರಡೂ ಮೂರ ಮೂರ ಸಲ ಹೇಳೂದು. ಫೋನ್ ರೇಂಜ್ ಇದ್ರ ಕೋಸ್ಟ್ ಗಾರ್ಡ್ ನಂಬರ 1554. ಇದನ್ನ ಬರಕೊಳ್ರಿ, ಸಮುದ್ರ ದಂಡಿಗೆ ಪಿಕ್ನಿಕ್ ಹೋದಾಗೂ ಬೇಕಾಗ್ತೈತಿ.

ಇಷ್ಟಾದ ಮ್ಯಾಲೆ ಇಂಜಿನ್ನಿಗೆ ಬಂದ್ವಿ. ಸಪ್ಪಳ ಏರಿ ಇಳದ ಬಂದ್ ಆತಂದ್ರ ಎಣ್ಣಿ ತ್ರಾಸ ಅಂತ ಮಾವನ ಶಾಸ್ತ್ರ. ಟಕ್ ಅಂತ ಒಮ್ಮಿಗೇ ನಿಂತ್ರ ನೀರಾಗ ತಿರಗಿ ದೋಣಿ ದೂಡೂ ಪಂಖಾಕ್ಕ ಹಗ್ಗ ಸುತ್ತೈತಿ. ಶಾಖ ಏರಿ ಅಲಾರಂ ಹೊಡ್ಕೊಂಡ್ರ ನೀರಿನ ತ್ರಾಸ. ಮೊದಲ್ನೇ ಫಿಲ್ಟರಿಗೆ ಕೆಳಗ ಗಾಜಿನ ಬಟ್ಟಲ ಇರ್ತೈತಿ, ಟಾರ್ಚ್ ಹಿಡದ ನೋಡಿದ್ರ ಅದರಾಗ ಡೀಸೆಲ್ ಕಾಣಲೇ ಇಲ್ಲ, ಕರೀ ಲೋಳಿ, ಥೇಟ್ ಗಾಣದ ಬುಡಕ ಉಳಿಯೂ ಗಸಿ. ಏನಾಗಿತ್ತಂದ್ರ ಆ ದೋಣಿ ಮಳಿಗಾಲದ ನಾಕ ತಿಂಗಳ ಅರ್ಧ ಟಾಕಿ ಡೀಸೆಲ್ ಇಟ್ಕೊಂಡ ನಿಂತಿತ್ತು. ಅರ್ಧ ಟಾಕಿ ಅಂದ್ರ ಉಳದ ಅರ್ಧ ಗಾಳಿ, ಹಸಿ ಗಾಳಿ. ರಾತ್ರಿ ತಂಪಿಗೆ ಟಾಕಿ ಗ್ವಾಡಿಗೆ ಬೆವರ ಕಟ್ಟಿ ಹನಿ ಹನಿ ಕೆಳಗ ಇಳೀತೈತಿ, ನೀರು ಡೀಸೆಲ್‌ಕ್ಕಿಂತ ಭಾರ, ತಳಕ್ಕ ಕೂಡ್ತೈತಿ. ಆ ನೀರು ಡೀಸೆಲ್ ಕೂಡೂ ಗಡಿಯಾಗ ಕಣ್ಣಿಗೆ ಕಾಣಲಾರದ ಜೀವ ಬೆಳೀತಾವು, ಬೂಷ್ಟು, ಬ್ಯಾಕ್ಟೀರಿಯಾ ಎಲ್ಲಾ, ಡೀಸೆಲ್ಲನ್ನ ತಿಂದ ಬದುಕೂ ಜಾತಿ. ಬಂದರದಾಗ ಸುಮ್ಮ ನಿಂತಾಗ ತಳದಾಗ ಮಲಗಿರ್ತಾವು. ಹೊರಗ ತೆರಿಗೆ ಬಂದ ಕೂಡ್ಲೆ ಟಾಕಿ ಕುಲಕಿ ಎಲ್ಲಾ ಮ್ಯಾಲೆ ಏಳ್ತೈತಿ, ಫಿಲ್ಟರ್ ಕಟ್ಟಿ ಹೋಗ್ತೈತಿ. ನಿಮ್ಮ ಹೊಲದಾಗ ವರ್ಷಗಟ್ಟಲೆ ನಿಂತ ಬ್ಯಾರಲ್ಲಿಂದ ಎಣ್ಣಿ ಹಾಕಿದ್ರೂ ಇದ ಕಥಿ. ದೋಣಿ ನಿಲ್ಲಿಸೂ ಮುಂದ ಟಾಕಿ ಕಂಠಮಟ ತುಂಬಿಸಿ ಇಡ್ರಿ ಅಂತ ಇದಕ್ಕ ಹೇಳೂದು.

ಫಿಲ್ಟರ್ ಹೊಸಾದು ಇತ್ತು, ಬದಲಿ ಮಾಡಿದ್ವಿ. ಆಮ್ಯಾಲೆ ಏರ್ ತಗಿಯೂದು. ಟಾಕಿ ಕಡೆಯಿಂದ ಇಂಜಿನ್ ಕಡೆ ಹೋಗಬೇಕು, ಮೊದಲ್ನೇ ಫಿಲ್ಟರ್, ಲಿಫ್ಟ್ ಪಂಪ್, ಎರಡ್ನೇ ಫಿಲ್ಟರ್, ಇಂಜೆಕ್ಷನ್ ಪಂಪ್, ಕಡೀಕ ಇಂಜೆಕ್ಟರ್. ಲಿಫ್ಟ್ ಪಂಪಿಗೆ ಹೆಬ್ಬಟ್ಟಿಲೆ ಒತ್ತೂ ಸಣ್ಣ ಲಿವರ್ ಇರ್ತೈತಿ. ನಮ್ಮ ಹುಡುಗ ಒತ್ತಿ ಒತ್ತಿ, ಅಣ್ಣಾ, ಇದು ಸತ್ತೈತಿ, ದಮ್ಮ ಇಲ್ಲಿದಕ್ಕ ಅಂದ. ಸತ್ತಿರಂಗಿಲ್ಲ, ಒಳಗ ಪಂಪ್ ಒತ್ತೂ ಕ್ಯಾಮ್ ಅಂತ ಒಂದ ಉಬ್ಬ ಇರ್ತೈತಿ, ಅದು ಎತ್ತರದಾಗ ನಿಂತಾಗ ಲಿವರ್ ಖಾಲಿ ಆಡತೈತಿ, ಇಂಜಿನ್ನ ಕೈಲೆ ಒಂದ ಸುತ್ತ ತಿರುವಿದ್ರ ಮತ್ತ ದಮ್ಮ ಬರ್ತೈತಿ. ಇದು ಗೊತ್ತಿಲ್ಲದ ಎಷ್ಟೋ ಮಂದಿ ಚಲೋ ಪಂಪ್ ಬಿಚ್ಚಿ ಹಾಳ ಮಾಡ್ಯಾರ. ತಿರುವಿದ್ವಿ, ದಮ್ಮ ಬಂತು, ಗುಳ್ಳಿ ಬಂದ್ವು, ಸ್ವಚ್ಛ ಎಣ್ಣಿ ಬಂತು, ಸ್ಕ್ರೂ ಬಿಗದೆ, ಚಾವಿ ತಿರುವಿದೆ. ಹತ್ತಲಿಲ್ಲ. ಮತ್ತ ತಿರುವಿದೆ, ಹತ್ತ ಸೆಕೆಂಡ. ಮತ್ತ. ನಾಕನೇ ಸಲಕ್ಕ ಡಾಕ್ಟರ್ರು ಚೀರಿದ್ರು, ಶಾಂತ ಮನಷ್ಯಾ ಅಂದ್ನೆಲ್ಲ, ಆವತ್ತ ಅವ್ರ ದನಿ ಗುಡ್ಡಕ್ಕ ಕೇಳಿರಬೇಕು, ಸೀಕಾಕ್ ಬಂದ್ ಮಾಡಲೇ ಅಂತ. ಸೀಕಾಕ್ ಅಂದ್ರ ಸಮುದ್ರದ ನೀರ ಒಳಗ ಬಿಡೂ ವಾಲ್ವು.

ಇಲ್ಲೆ ಸ್ವಲ್ಪ ನಿಂದ್ರತೀನಿ, ಇದು ಟ್ರ್ಯಾಕ್ಟರದಾಗ ಇಲ್ಲಾರದ ಅಪಾಯ. ದೋಣಿ ಇಂಜಿನ್ ಸಮುದ್ರದ ನೀರ ಎಳಕೊಂಡ ತಂಪ ಆಗಿ ಆ ನೀರನ್ನ ಹೊಗಿ ಪೈಪಿಗೆ ಬಿಡತೈತಿ. ಇಂಜಿನ್ ನಡದಾಗ ಹೊಗಿ ಜೋರಿಗೆ ನೀರು ಹಿಂದ ಪಚ ಪಚ ಉಗಳತೈತಿ. ಹೊಗೀನ ಇಲ್ಲದ ಬರೇ ಸ್ಟಾರ್ಟರ್ ತಿರುವಿದ್ರ? ನೀರಿನ ಪಂಪೂ ತಿರಗ್ತೈತಿ, ನೀರು ಬರ್ತೈತಿ, ಹೊರಗ ದೂಡಾಕ ಯಾರೂ ಇಲ್ಲ. ಸೈಲೆನ್ಸರ್ ತುಂಬತೈತಿ, ತುಂಬಿ ಹಿಂದಕ್ಕ ಏರಿ ಎಕ್ಸಾಸ್ಟ್ ವಾಲ್ವಿನ್ಯಾಗ ಹಾದು ಸಿಲಿಂಡರಿಗೆ ಇಳೀತೈತಿ. ಗಾಳಿ ಒತ್ತಬೌದು, ನೀರ ಒತ್ತಾಕ ಬರಂಗಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗತೈತಿ. ಐನೂರ ರೂಪಾಯಿ ಫಿಲ್ಟರಿನ ರೋಗಕ್ಕ ಇಡೀ ಇಂಜಿನ್ ಹೆಣ ಹೊರೂದು. ಅದಕ್ಕ ಸಲಾ ಸಲಾ ಸ್ಟಾರ್ಟರ್ ಹೊಡಿಯೂದಿದ್ರ ನೀರ ಒಳಗ ಬರೂ ಸೀಕಾಕ್ ಮುಚ್ಚಬೇಕು, ಇಂಜಿನ್ ಹತ್ತಿದ ಕ್ಷಣಕ್ಕ ತಗೀಬೇಕು, ಒಬ್ಬ ಅಲ್ಲೇ ಕೈ ಇಟ್ಕೊಂಡ ಕುಂದ್ರಬೇಕು. ಸೈಲೆನ್ಸರ್ ಕೆಳಗಿನ ಬೂಚ ತಗದ್ವಿ, ಬಕೀಟ ತುಂಬ ನೀರ ಬಂತು. ಸುಳ್ಳ ಹೇಳಂಗಿಲ್ಲ, ನನ್ನ ಕೈ ನಡಗಾಕ ಹತ್ತಿದ್ವು.

ಯಾಕ ಹತ್ತವಲ್ದು ಅಂತ ಹುಡುಕಿದ್ರ ಎರಡ್ನೇ ಫಿಲ್ಟರ್ ಮ್ಯಾಲಿನ ಬೋಲ್ಟಿಗೆ ಇರಬೇಕಾದ ತಾಮ್ರದ ವಾಶರ್ ಇಲ್ಲ. ನಾನ ಬಿಚ್ಚೂ ಮುಂದ ಕೆಡವೇನಿ. ಅಲ್ಲಿಂದ ಎಣ್ಣಿ ಸೋರಿ ಗಾಳಿ ಹೊಗಾಕ ಹತ್ತಿತ್ತು. ಹುಡುಗ ಭಾಳ ಹುರುಪಿಲೆ ಮ್ಯಾಗ್ನೆಟ್ ದಾರಕ್ಕ ಕಟ್ಟಿ ತಳದ ಹೊಲಸ ನೀರಿನ್ಯಾಗ ಇಳಿಬಿಟ್ಟ. ಎರಡ ನಟ್ಟು, ಒಂದ ಯಾರೋ ಯಾವ ಕಾಲದಾಗೋ ಕಳಕೊಂಡ ಸ್ಪ್ಯಾನರ್ ಸಿಕ್ಕವು. ಹತ್ತ ನಿಮಿಷ ಆದಮ್ಯಾಲೆ ಡಾಕ್ಟರ್ರು ಮೆಲ್ಲಕ ಕೇಳಿದ್ರು, ತಾಮ್ರ ಮ್ಯಾಗ್ನೆಟ್ಟಿಗೆ ಹತ್ತತೈತೇನಪಾ ಅಂತ. ಮೂರೂ ಮಂದಿ ನಕ್ಕೇವ್ರೀ, ಆ ನಗೂಲಿಂದ ನನ್ನ ಕೈ ನಡಗೂದು ನಿಂತಿತು. ಕೈ ಹಾಕಿ ತಡಕಿ ತಗದ್ವಿ. ಆದ್ರ ಹಳೀ ವಾಶರ್ ಒಮ್ಮೆ ಬಿಗದ ಮ್ಯಾಲೆ ಕಲ್ಲಾಗಿರ್ತೈತಿ, ಮತ್ತ ಬಿಗದ್ರ ಸಂದ ಮುಚ್ಚಂಗಿಲ್ಲ. ಹೊಸಾವು ಡಬ್ಬ್ಯಾಗ ಒಂದ ಹಿಡಿ ಇದ್ದವು, ಒಂದೂ ಆ ಅಳತೀದಲ್ಲ.

ಆಗ ಮಾವ ನೆಪ್ಪಾದ. ಅಂವ ವಾಶರ್ ಒಗೀತಿದ್ದಿಲ್ಲ, ಕಮ್ಮಾರನ ಕುಲುಮಿಗೆ ಒಯ್ಯತಿದ್ದ. ನಾ ಚಾದ ಗ್ಯಾಸ್ ಹಚ್ಚಿ, ಇಕ್ಕಳದಾಗ ವಾಶರ್ ಹಿಡದ ಉರಿ ಮ್ಯಾಲೆ ಇಟ್ಟೆ. ಮೊದಲ ಮ್ಯಾಲಿನ ಎಣ್ಣಿ ಸುಟ್ಟು ಹೊಗಿ ಬಂತು, ಆಮ್ಯಾಲೆ ನವಿಲ ಗರಿಯಂಗ ಬಣ್ಣಾ ಆಡಿದ್ವು, ಆಮ್ಯಾಲೆ ಹುರದ ಮೆಣಸಿನಕಾಯಿ ಬಣ್ಣ, ಕಡೀಕ ಕೆಂಪ ಕೆಂಡ. ನೀರಿನ ಲೋಟದಾಗ ಒಗದೆ, ಚುಂಯ್ ಅಂತು. ಉಕ್ಕ ಕಾಯಿಸಿ ನೀರಿಗೆ ಹಾಕಿದ್ರ ಗಟ್ಟಿ ಆಗತೈತಿ, ತಾಮ್ರ ಉಲ್ಟಾ, ಮೆತ್ತಗ ಆಗತೈತಿ. ಸಣ್ಣ ಉಸುಕಿನ ಕಾಗದಲೆ ಎರಡೂ ಬಗಲ ತಿಕ್ಕಿ ಹಾಕಿದೆ. ಒಂದ ಹನಿ ಒಸರಲಿಲ್ಲ. ಏರ್ ತಗದ್ವಿ, ಹುಡುಗ ಸೀಕಾಕ್ ಮ್ಯಾಲೆ ಕೈ ಇಟ್ಟ ಕುಂತ, ಚಾವಿ ತಿರುವಿದೆ, ಹತ್ತಿತು.

ಆದ್ರ ಟಾಕ್ಯಾಗ ಗಸಿ ಹಂಗ ಐತೆಲ್ಲಾ, ಉಳದಿದ್ದು ಒಂದ ಫಿಲ್ಟರ್. ಇನ್ನೊಂದ ತಾಸಿಗೆ ಮತ್ತ ಕಟ್ಟತೈತಿ. ಬಂದ್ ಮಾಡಿದ್ವಿ, ಬಯಲದಾಗ ಇದ್ವಿ, ಅವಸರ ಇರಲಿಲ್ಲ. 20 ಲೀಟರಿನ ಒಂದ ಕ್ಯಾನ್ ಹೊಸಾ ಡೀಸೆಲ್ ಜೋಡಿ ಇತ್ತು. ಟಾಕಿಯಿಂದ ಎಣ್ಣಿ ಎಳಿಯೂ ಪೈಪ್ ಕಿತ್ತಿ ಕ್ಯಾನಿನ್ಯಾಗ ಇಳಿಬಿಟ್ವಿ. ರಿಟರ್ನ್ ಪೈಪೂ ಅದರಾಗನ ಹಾಕಬೇಕು, ಯಾಕಂದ್ರ ಡೀಸೆಲ್ ಇಂಜಿನ್ ತನಗ ಬೇಕಾಗಿದ್ದಕ್ಕಿಂತ ಹೆಚ್ಚ ಎಳಕೊಂಡ ಉಳದದ್ದನ್ನ ವಾಪಸ್ ಕಳಸತೈತಿ, ಅದನ್ನ ಮರತ್ರ ಚಲೋ ಎಣ್ಣಿ ಹೋಗಿ ಹೊಲಸ ಟಾಕ್ಯಾಗ ಬೀಳತೈತಿ, ಕ್ಯಾನ್ ಲಗೂನ ಖಾಲಿ. ಕ್ಯಾನ್ನ ಇಂಜಿನ್ನಿಗಿಂತ ಎತ್ತರದಾಗ ಮೆಟ್ಟಲದ ಮ್ಯಾಲೆ ಹಗ್ಗಾ ಬಿಗದ ಕಟ್ಟಿದ್ವಿ, ಎಣ್ಣಿ ತಾನ ಇಳದ ಬರ್ತೈತಿ, ಪಂಪಿನ ಹಂಗಿಲ್ಲ. ಕಟ್ಟಿ ಮುಗದ ಮ್ಯಾಲೆ ಹಿಂದ ಸರದ ನೋಡಿದೆ. ಇಂಜಿನ್, ತಲಿ ಮ್ಯಾಲೆ ಎಣ್ಣಿ ಡಬ್ಬಿ, ನಡಕ ಒಂದ ಪೈಪು. ಥೇಟ್ ವರದಾ ದಂಡಿ ಪಂಪ್‌ಸೆಟ್ಟು. ಅಷ್ಟ ಚಂದದ ದೋಣ್ಯಾಗ, ಡಾಕ್ಟರ್ರ ಹೆಂಡ್ರು ಆರಿಸಿ ತಂದ ನೀಲಿ ಗಾದಿ ನಡಕ.

ಒಂದ ಗಂಟೇಕ ವಾಯವ್ಯದ ಗಾಳಿ ಹತ್ತಿತು, ಹಾಯಿ ಮ್ಯಾಲನ ಹೊಂಟ್ವಿ, ಇಂಜಿನ್ ಕಾಯ್ದ ಇಟ್ಟಿದ್ವಿ. ಕತ್ತಲಾಗಿ ಕಾರವಾರದ ಎದುರಿನ ದೇವಗಡ ದ್ವೀಪದ ದೀಪ ಕಂಡ ಮ್ಯಾಲೆ ಹಚ್ಚಿ ಕಾರವಾರದ ಕೊಲ್ಲಿ ಒಳಗ ಹೋಗಿ ಲಂಗರ ಹಾಕಿದ್ವಿ. ಕ್ಯಾನಿನ್ಯಾಗ ಮೂರ ಲೀಟರೂ ಕಡಿಮಿ ಆಗಿರಲಿಲ್ಲ.

ಉಳದ ಎರಡ ತ್ರಾಸ ಲಗೂ ಲಗೂ ಹೇಳತೀನಿ, ಅಲ್ಲೆ ಚಾ ಬಂದೈತಿ ಅಂತ ಸನ್ನಿ ಮಾಡಾಕ ಹತ್ತ್ಯಾರ. ಶಾಖ ಏರಿದ್ರ ಮೊದಲ ಹಿಂದ ಬಗ್ಗಿ ನೋಡ್ರಿ, ಹೊಗಿ ಜೋಡಿ ನೀರ ಬರಾಕ ಹತ್ತೈತೋ ಇಲ್ಲೋ. ಇಲ್ಲಂದ್ರ ಬಂದ್ ಮಾಡ್ರಿ. ಫುಟ್‌ವಾಲ್ವಿಗೆ ಎಲಿ ಸಿಕ್ಕಂಗ ಸೀಕಾಕಿಗೆ ಪ್ಲಾಸ್ಟಿಕ್ ಚೀಲ ಅಂಟಿರ್ತೈತಿ, ಎಷ್ಟೋ ಸಲ ಇಂಜಿನ್ ಬಂದ್ ಮಾಡಿದ್ರ ತಾನ ಬಿಟ್ಟ ಹೋಗ್ತೈತಿ. ಅದಲ್ಲಂದ್ರ ನೀರ ಸೋಸೂ ಜಾಳಗಿ ಕಟ್ಟಿರ್ತೈತಿ. ಅದೂ ಅಲ್ಲಂದ್ರ ಇಂಪೆಲರ್, ರಬ್ಬರಿನ ಸಣ್ಣ ಚಕ್ರ, ನೀರಿಲ್ಲದ ಒಂದೆರಡ ನಿಮಿಷ ತಿರಗಿದ್ರ ಎಸಳ ಕಿತ್ತ ಹೋಗ್ತಾವು. ಹೊಸಾದು ಹಾಕಿ ಕೈ ತೊಳಕೋಬ್ಯಾಡ್ರಿ, ಹಳೇದರ ಎಸಳ ಎಣಸ್ರಿ. ಆರ ಇರಬೇಕಿತ್ತು, ನಾಕ ಅದಾವಂದ್ರ ಉಳದ ಎರಡ ಮುಂದಿನ ಪೈಪಿನ್ಯಾಗೋ ಹೀಟ್ ಎಕ್ಸ್‌ಚೇಂಜರದಾಗೋ ಸಿಕ್ಕೊಂಡ ಕುಂತಾವು, ಅವನ್ನ ತಗೀಲಿಲ್ಲಂದ್ರ ನಾಳೆ ಮತ್ತ ಇದ ಹಾಡು. ಹೊಸಾದಕ್ಕ ಗ್ರೀಸ್ ಹಚ್ಚಬ್ಯಾಡ್ರಿ, ರಬ್ಬರ್ ಉಬ್ಬತೈತಿ, ಪಾತ್ರಿ ತೊಳಿಯೂ ಲಿಕ್ವಿಡ್ ನಾಕ ಹನಿ ಸಾಕು.

ಪಂಖಾಕ್ಕ ಹಗ್ಗ ಸುತ್ತಿದ್ರ ರಿವರ್ಸ್ ಹೊಡದ ಬಿಡಸ್ತೀನಿ ಅನ್ನಬ್ಯಾಡ್ರಿ, ಇನ್ನಷ್ಟ ಬಿಗೀತೈತಿ, ಶಾಫ್ಟ್ ಕಿತ್ತ ಬಂದ್ರ ದೋಣ್ಯಾಗ ತೂತು. ಹಾಯಿ ಏರಿಸಿ ಶಾಂತ ನೀರಿಗೆ ಹೋಗ್ರಿ. ನೀರಿಗೆ ಇಳಿಯೂದ ಆದ್ರ ಇಂಜಿನ್ ಚಾವಿ ಇಳಿಯೂವನ ಕೊರಳಾಗ ಇರಬೇಕು, ಮ್ಯಾಲಿನವನ ಕಿಸೆದಾಗ ಅಲ್ಲ. ತೆರಿ ಇದ್ದಾಗಂತೂ ಇಳೀಲೇಬ್ಯಾಡ್ರಿ, ದೋಣಿ ಹಿಂಭಾಗ ಎದ್ದು ಬಿದ್ದು ತಲಿ ಒಡೀತೈತಿ.

ಕಡೀಕ ಮುಂದಿನ ಸಾಲಿನ್ಯಾಗ ಕುಂತ ಹಿರೇರೊಬ್ರು, ನವಲಗುಂದ ಕಡೆಯವ್ರಂತ, ಕೇಳಿದ್ರು, ಅಲ್ಲೋ ತಮ್ಮಾ, ಕಾರವಾರಕ್ಕ ಹೋದ ಮ್ಯಾಲೆ ಆ ಟಾಕಿ ಏನ್ ಮಾಡಿದ್ರಿ? ಮ್ಯಾಲಿನ ಮುಚ್ಚಳಾ ಬಿಚ್ಚಿದ್ವಿರಿ ಕಾಕಾ, ಕೈ ಹೋಗೂವಷ್ಟ ಬಾಯಿ, ನಾನ ಕೈ ಹಾಕಿ ಬಟ್ಟಿಲೆ ಒರಿಸಿದೆ, 80 ಲೀಟರಿನ ಟಾಕ್ಯಾಗ ಸುಮಾರ ನಾಕ ಲೀಟರ್ ನೀರು, ಮ್ಯಾಲೆ ಒಂದ ಪದರ ಗಸಿ. ಎರಡ ದಿನ ಕೈ ವಾಸನಿ ಹೋಗಲಿಲ್ಲ. ಕಾಕಾ ಮತ್ತ ಕೇಳಿದ್ರು, ಆ ಉಳದ ಡೀಸೆಲ್? ಕ್ಯಾನಿನ್ಯಾಗ ತುಂಬಿ ಒಂದ ವಾರ ತಿಳಿ ಬಿಟ್ವಿ, ಮ್ಯಾಲಿಂದ ಧೋತರದ ಬಟ್ಟ್ಯಾಗ ಸೋಸಿದ್ವಿ, ದೋಣಿಗೆ ಹಾಕಲಿಲ್ಲ. ಮಾವನ ಊರಿಗೆ ಒಯ್ದೆ. ಅಂವ ಮೂಸಿ ನೋಡಿ, ಇದನ್ನ ನನ್ನ ಇಂಜಿನ್ನಿಗೆ ಹಾಕಂಗಿಲ್ಲ ಅಂದ.